ಹೊಲಿಗೆ ಕಾಣದ ಪಾಠ

ಜೂನ್ 12, ಸೋಮವಾರ

ಮತ್ತೆ ಅದೇ ಇಸ್ತ್ರಿಪೆಟ್ಟಿಗೆ. ಬೆಳಗಿನ ಬ್ಯಾಚಿಗೆ ಬಿಚ್ಚಿ ತೋರಿಸಿದೆ. ಮಧ್ಯಾಹ್ನದ ಬ್ಯಾಚಿಗೂ ಅದನ್ನೇ ಬಿಚ್ಚಿ ತೋರಿಸಿದೆ. ಇಷ್ಟು ಹೊತ್ತಿಗೆ ಪೆಟ್ಟಿಗೆಗೇ ಪಾಠ ಬಾಯಿಗೆ ಬಂದಿರಬೇಕು. ಲ್ಯಾಬಿನ ಮೂಲೆಯ ಟ್ಯೂಬ್‌ಲೈಟು ಇವತ್ತೂ ಕಣ್ಣು ಹೊಡೆಯುತ್ತಿತ್ತು. ವಿದ್ಯುತ್ ಉಪಕರಣ ರಿಪೇರಿ ಕಲಿಸುವ ಕೋಣೆಯ ದೀಪವನ್ನು ರಿಪೇರಿ ಮಾಡುವವರಿಲ್ಲ. ನಾನು ಮಾಡಬಾರದು, ಅದು ಇನ್ನೊಂದು ವಿಭಾಗದ ಕೆಲಸವಂತೆ.

ನಮ್ಮದು ವೃತ್ತಿ ಶಿಕ್ಷಣದ ಕಾಲೇಜು. ಪ್ರವೃತ್ತಿ ಇಲ್ಲದವರು ಬರುತ್ತಾರೆ, ವೃತ್ತಿ ಕಲಿತು ಹೋಗುತ್ತಾರೆ. ಕಲಿಸುವ ನಾವು ಪುನರಾವೃತ್ತಿ ಮಾಡುತ್ತ ನಿವೃತ್ತಿ ಕಾಯುತ್ತೇವೆ.

ಸಂಜೆ ಮೀಟಿಂಗ್. ಪ್ರಿನ್ಸಿಪಾಲರಿಗೆ ಯಾವುದೋ ಕಾರ್ಯಾಗಾರದ ಗಾಳಿ ಬಡಿದಿದೆ. ಇನ್ನು ಮೇಲೆ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಬೇಕು. ಮೂವರು ಮೇಷ್ಟ್ರುಗಳದ್ದೊಂದು ಗುಂಪು — ಒಬ್ಬರ ಪಾಠವನ್ನು ಇನ್ನಿಬ್ಬರು ನೋಡಿ ಹೇಳಬೇಕು, ತಿದ್ದಿಸಬೇಕು. ತಿದ್ದಿದ್ದನ್ನು ವಿದ್ಯಾರ್ಥಿಗಳು ಮನೆಯಲ್ಲಿ ನೋಡಿಕೊಂಡು ಬರುವುದು, ಇಲ್ಲಿ ಬಂದು ಕೈಯಾರೆ ಮಾಡುವುದು. ಗುಂಪಿನಲ್ಲಿ ಬೇರೆ ಬೇರೆ ವಿಭಾಗದವರೇ ಇರಬೇಕಂತೆ. “ಹೊಸ ಕಣ್ಣು ಬೇಕು ರೀ. ನಿಮ್ಮ ವಿಭಾಗದವರಿಗೆ ನಿಮ್ಮ ತಪ್ಪು ಅಭ್ಯಾಸ ಆಗಿಹೋಗಿರುತ್ತೆ.”

ನನ್ನ ಪಾಲಿಗೆ ಬಂದ ಹೊಸ ಕಣ್ಣುಗಳು: ಟೈಲರಿಂಗ್ ಮೇಡಂ, ಮತ್ತು ಲೆಕ್ಕಪತ್ರ ಕಲಿಸುವ ಡೆಬಿಟ್. ಅವರನ್ನು ಇಡೀ ಕಾಲೇಜು ಡೆಬಿಟ್ ಎಂದೇ ಕರೆಯುತ್ತದೆ. ಕ್ರೆಡಿಟ್ ಯಾರಿಗೂ ಕೊಟ್ಟವರಲ್ಲ.

ಸಹೋದ್ಯೋಗಿ ಎಂದರೆ ಸಹಿಸಿಕೊಳ್ಳುವ ಉದ್ಯೋಗಿ. ನೋಡೋಣ.

ಜೂನ್ 16, ಶುಕ್ರವಾರ

ಶೂಟಿಂಗ್ ಆಯಿತು. ಪಾಠ — ಮೈಕ್ರೋವೇವ್ ಓವನ್. ಮೇಡಂ ಫೋನ್ ಹಿಡಿದರು.

“ಸರ್, ಹೊಟ್ಟೆ ಸ್ವಲ್ಪ ಒಳಗೆ ಎಳ್ಕೊಳ್ಳಿ.”

“ಮೇಡಂ, ಇದು ಓವನ್ ಪಾಠ.”

“ಗೊತ್ತು. ಓವನ್ ಕಾಣಲಿ ಅಂತಲೇ ಹೇಳ್ತಿರೋದು.”

ಪ್ಲಗ್ ಕಿತ್ತೆ. ಮುಚ್ಚಳ ಬಿಚ್ಚಿದೆ. ಒಳಗೆ ಕೆಪಾಸಿಟರು, ನೋಡಲು ಬಡಪಾಯಿ ಡಬ್ಬಿ. ಕರೆಂಟು ಹೋದ ಮೇಲೂ ತನ್ನ ಪಾಲಿನದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಮುಗಿಯಿತು. ಇಲ್ಲಿಗೆ ಬಂದಾಗ ನಾನು ಅಳಿಯನ ಕಥೆ ತೆಗೆಯುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಿಂದ ಇದೇ ಕಥೆ, ಇದೇ ಜಾಗ.

ಅಳಿಯ ಮಾವನ ಮನೆಯಲ್ಲಿ ಯಾವುದಕ್ಕೋ ಮುನಿಸಿಕೊಂಡ. ಊಟ ಬಿಟ್ಟ. ಮೂಲೆಯ ಕುರ್ಚಿಯಲ್ಲಿ ಬಿಮ್ಮನೆ ಕೂತ. ದೀಪ ಆರಿಸಿದರು. ಸದ್ದಿಲ್ಲ. ಕೋಪ ಇಳಿಯಿತೆಂದು ಅತ್ತೆ ಹೋಗಿ ಹೆಗಲು ಮುಟ್ಟಿದಳು. ಎಗರಿಬಿದ್ದ. ಮಾವ ಅನುಭವಸ್ಥ, ತಾನೂ ಒಂದು ಕಾಲದ ಅಳಿಯನಲ್ಲವೇ. ಹತ್ತಿರವೇ ಹೋಗಲಿಲ್ಲ. ದೂರದಿಂದ ಊರುಗೋಲು ಚಾಚಿ ಮೆಲ್ಲಗೆ ತಟ್ಟಿದ...

ಇಷ್ಟು ಹೇಳುವ ಹೊತ್ತಿಗೆ ಸರಿಯಾಗಿ ನನ್ನ ಬಲಗೈಯ ಕೋಲು, ರಬ್ಬರ್ ಹಿಡಿಕೆಯದ್ದು, ತುದಿಯಲ್ಲಿ ತಂತಿ ಇರುವಂಥದ್ದು, ಕೆಪಾಸಿಟರಿನ ಎರಡು ಕಾಲಿಗೂ ತಾಗುತ್ತದೆ. ಚಟ್. ಒಂದು ಕಿಡಿ. ಒಳಗಿನದೆಲ್ಲ ಇಳಿದುಹೋಗುತ್ತದೆ. ತರಗತಿ ಬಿದ್ದು ಬಿದ್ದು ನಗುತ್ತದೆ. ಆಮೇಲೆ ಕೈ ಹಾಕುವುದು.

ಅಪಾಯದ ಬಗ್ಗೆ, ಕೋಲಿನ ಬಗ್ಗೆ ಬೇರೆ ಮಾತು ಆಡುವುದಿಲ್ಲ. ಕಥೆ ಹಾಡು, ಕೋಲು ತಾಳ. ಇವತ್ತೂ ನಕ್ಕರು. ಚೆನ್ನಾಗಿ ಬಂದಿದೆ ಅನ್ನಿಸುತ್ತದೆ.

ಜೂನ್ 20, ಮಂಗಳವಾರ

ಮೂವರೂ ಸ್ಟಾಫ್‌ರೂಮಿನಲ್ಲಿ ಕೂತು ನೋಡಿದೆವು. ನನ್ನ ದನಿ ಇಷ್ಟು ಮೂಗಿನದೆಂದು ಯಾರೂ ಹೇಳಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಇವಳೂ ಹೇಳಿಲ್ಲ. ಕರುಣೆಯೋ, ಕಿವುಡೋ.

ಉಪಯೋಗ ಇಲ್ಲ ಎನ್ನಲಾರೆ. ಮೇಡಂ ಒಂದು ಮಾತು ಹೇಳಿದರು — ನಾನು ಒಂದೆರಡು ಕಡೆ ಬಗ್ಗಿದಾಗ ಬೆನ್ನೇ ಪಾಠ ಮಾಡುತ್ತಿದೆ, ಅಲ್ಲಿ ಕೈ ಕಾಣುವುದಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವರು ಫೋನನ್ನು ತಲೆಯ ಮೇಲಿಂದ ತೂಗುಹಾಕುತ್ತಾರಂತೆ. ಮುಂದಿನ ಪಾಠಕ್ಕೆ ಹಾಗೇ ಮಾಡಬೇಕು. ಇಷ್ಟು ವರ್ಷ ಹಿಂದಿನ ಬೆಂಚಿನವರು ನೋಡಿದ್ದು ನನ್ನ ಬೆನ್ನನ್ನೇ. ನಾನು ಡೆಬಿಟ್‌ಗೆ ಹೇಳಿದೆ, ಬೋರ್ಡಿನ ಮೇಲಿನ ಲೆಕ್ಕ ಬಿಟ್ಟು ಮಕ್ಕಳ ಕೈಗೆ ನಿಜವಾದ ಬಿಲ್ಲು ಕೊಡಿ ಎಂದು. ಅವರು ಬರೆದುಕೊಂಡರು. ಅವರು ಬರೆದುಕೊಂಡಿದ್ದು ನಾನು ನೋಡಿದ್ದು ಇದೇ ಮೊದಲು.

ಆಮೇಲೆ ಅಳಿಯ ಬಂದ. ಇಬ್ಬರೂ ಮುಖ ಮುಖ ನೋಡಿಕೊಂಡರು.

“ಸರ್, ಬೇಜಾರು ಮಾಡ್ಕೋಬೇಡಿ,” ಎಂದರು ಮೇಡಂ. ಬೇಜಾರು ಬರುವುದಕ್ಕೆ ಮುಂಚೆ ಅದರ ನೋಟಿಸು. “ಪಾಠ ಚೆನ್ನಾಗಿ ಓಡ್ತಿರುತ್ತೆ, ಇಲ್ಲಿಗೆ ಬಂದು ನಿಂತುಬಿಡುತ್ತೆ. ಫೋನಲ್ಲಿ ನೋಡೋರು ಬೆರಳಲ್ಲಿ ಮುಂದಕ್ಕೆ ತಳ್ತಾರೆ.”

“ಓವನ್ ರಿಪೇರಿಗೆ ಅಂತ ಹೊರಟೋರು ಮಾವನ ಮನೆಗೆ ಹೋಗಿ ಕೂತಂಗಿದೆ,” ಎಂದರು ಡೆಬಿಟ್. “ಖರ್ಚು ಜಾಸ್ತಿ, ಆದಾಯ ಇಲ್ಲ.”

“ಮಕ್ಕಳು ನಗ್ತಾರಲ್ಲ?”

“ಎದುರಿಗೆ ಇದ್ದಾಗ ನಗ್ತಾರೆ ಸರ್. ಇಂಟರ್ನಲ್ ಮಾರ್ಕ್ಸು ನಿಮ್ಮ ಕೈಲಿ ತಾನೇ ಇರೋದು,” ಎಂದರು ಡೆಬಿಟ್.

ನಾನೂ ನಕ್ಕೆ. ಮನೆಗೆ ಬರುವ ಬಸ್ಸಿನಲ್ಲಿ ನಗು ಬರಲಿಲ್ಲ.

ಜೂನ್ 21, ಬುಧವಾರ

ಕತ್ತರಿಸಿದೆ. ಪೂರ್ತಿ. ಅರ್ಧ ಇಟ್ಟು ಮರ್ಯಾದೆ ಕಾಪಾಡಿಕೊಳ್ಳುವ ಆಸೆ ನನಗಿಲ್ಲ. ಶಿಕ್ಷಣದಿಂದ ಕ್ಷಣಗಳನ್ನು ತೆಗೆಯಿರಿ ಎನ್ನುತ್ತಾರೆ, ತೆಗೆದರೆ ಉಳಿಯುವುದು ಬರೀ ‘ಶಿ’. ಅದೇ ಇರಲಿ.

ಆ್ಯಪ್ ಮಾತ್ರ ಮಾಯಾವಿ. ನಾನು ಆಡಿದ್ದನ್ನೆಲ್ಲ ತಾನೇ ಅಕ್ಷರಕ್ಕೆ ಇಳಿಸಿ ಪುಟದಂತೆ ತೋರಿಸುತ್ತದೆ. ಬೇಡವಾದ ಸಾಲನ್ನು ಅಳಿಸಿದರೆ ಸಾಕು, ವಿಡಿಯೋದಲ್ಲೂ ಅಷ್ಟು ಭಾಗ ಹೋಗುತ್ತದೆ. ಚಿತ್ರ ನೋಡಬೇಕಾದ್ದೇ ಇಲ್ಲ. ‘ಒಬ್ಬ ಅಳಿಯ ಇದ್ದ’ ಎಂಬಲ್ಲಿ ಬೆರಳಿಟ್ಟು ‘ನಗು’ ಎಂಬಲ್ಲಿಯವರೆಗೆ ಎಳೆದೆ. ಅಳಿಸು ಎಂದೆ. ಅಳಿಯ ಅಳಿದ.

ಉಳಿದದ್ದನ್ನು ಓದಿದೆ. ಮಾತು ಮಾತಿಗೆ ಕೂಡುತ್ತದೆ. ವಿಡಿಯೋ ಮತ್ತೆ ಹಾಕಿ ನೋಡಲಿಲ್ಲ. ನನ್ನ ಮೂಗಿನ ದನಿಯನ್ನು ಇನ್ನೆಷ್ಟು ಕೇಳಲಿ. ಗುಂಪಿಗೆ ಕಳಿಸಿದೆ.

ಮೇಡಂ ಉತ್ತರ: “ಸೂಪರ್ ಸರ್. ಹೊಲಿಗೆ ಕಾಣೋದೇ ಇಲ್ಲ.”

ಡೆಬಿಟ್: ಒಂದು ಹೆಬ್ಬೆಟ್ಟು. ಅವರ ಲೆಕ್ಕದಲ್ಲಿ ಅದು ಸನ್ಮಾನ.

ಜುಲೈ 3, ಸೋಮವಾರ

ನಾವು ಮಾದರಿ ಗುಂಪು. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ನಮ್ಮನ್ನು ಎಬ್ಬಿಸಿ ನಿಲ್ಲಿಸಿದರು. ಓವನ್ ಪಾಠವನ್ನು ಉಳಿದ ಶಾಖೆಗಳಿಗೂ ಹಾಕಿದ್ದಾರೆ. “ಬಿಗಿಯಾಗಿದೆ. ಒಂದು ಸೆಕೆಂಡು ದಂಡ ಇಲ್ಲ.” ಮೇಡಂ ನನ್ನತ್ತ ಹುಬ್ಬು ಹಾರಿಸಿದರು — ಹೇಳಿರಲಿಲ್ಲವಾ?

ಹೇಳಿದ್ದರು. ಒಪ್ಪಿದೆ. ವಯಸ್ಸಾದ ಮೇಲೆ ಹೊಗಳಿಕೆ ಬಲು ಬೇಗ ಅರಗುತ್ತದೆ.

ಸಂಜೆ ಬ್ಯಾಚು ಹೊಸದು. ಮೊದಲ ಬೆಂಚಿನಲ್ಲಿ ಹೆಚ್ಚು ಕಡಿಮೆ ನನ್ನ ವಯಸ್ಸಿನ ಹೆಂಗಸು. ಉಳಿದವರೆಲ್ಲ ಚಿಕ್ಕವರು. ಒಂದೇ ದಿನಕ್ಕೆ ಅವರಿಗೆ ‘ಅತ್ತೆ’ ಎಂದು ಹೆಸರಿಟ್ಟಾಗಿದೆ. ಅವರೂ ಓಗೊಡುತ್ತಾರೆ.

“ಯಾಕೆ ಸೇರಿದಿರಿ?” ಎಂದೆ. ಎಲ್ಲರಿಗೂ ಕೇಳುವ ಪ್ರಶ್ನೆ.

“ಲಾಂಡ್ರಿಯಲ್ಲಿ ಕೆಲಸ ನಂದು, ಮೇಷ್ಟ್ರೇ. ಮೆಷಿನ್ ಕೆಟ್ಟಾಗಲೆಲ್ಲ ರಿಪೇರಿಯವನು ಬಂದು ನಮ್ಮನ್ನ ಆಚೆ ನಿಲ್ಲಿಸ್ತಿದ್ದ. ಒಳಗೆ ಅಂಥಾದ್ದು ಏನಿಟ್ಟಿದಾನೆ ನೋಡೇಬಿಡೋಣ ಅಂತ ಬಂದೆ.”

ಜುಲೈ 14, ಶುಕ್ರವಾರ

ಅತ್ತೆಯ ಕೈ ಚೆನ್ನಾಗಿದೆ. ಅವಸರವಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸೆರಗಿನಂಚಿನಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತಾರೆ. ಪಕ್ಕದ ಹುಡುಗ ಮಿಕ್ಸಿ ಜೋಡಿಸಿ ಮುಗಿಸಿದಾಗ ಅವನ ಬಳಿ ಎರಡು ಸ್ಕ್ರೂ ಮಿಕ್ಕಿತ್ತು. “ಬ್ಯಾಂಕಲ್ಲಿ ಇಡು, ಬೆಳೆಯುತ್ತೆ,” ಎಂದರು.

ಪುಸ್ತಕ ಅವರಿಗೆ ಹಿಡಿಸಿಲ್ಲ. “ಓದಿದ್ರೆ ನಿದ್ದೆ. ನಿಮ್ಮ ವಿಡಿಯೋ ಬಂದು ಬದುಕಿದೆ. ನಿಮ್ಮನ್ನ ಅಡುಗೆಮನೆ ಕಟ್ಟೆ ಮೇಲೆ ನಿಲ್ಲಿಸಿಕೊಂಡು ನೋಡ್ತೀನಿ ಮೇಷ್ಟ್ರೇ. ಎಲ್ಲಿ ಯಾವ ಕೈ ಹೋಗುತ್ತೆ ಅಂತ ನಂಗೆ ಬಾಯಿಪಾಠ.”

“ಯಜಮಾನರು ಏನಂತಾರೆ?”

“ಅವರಿಗೂ ತೋರಿಸಿದೆ. ಈ ಮನುಷ್ಯ ನಗೋದೇ ಇಲ್ವಾ ಅಂದ್ರು.”

ಇದನ್ನು ಸ್ಟಾಫ್‌ರೂಮಿನಲ್ಲಿ ಹೇಳಿದೆ. ಡೆಬಿಟ್ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಯೋಜನೆ ಫಲಿಸುತ್ತಿದೆ, ಸುಳ್ಳೇಕೆ. ಅತ್ತೆಯಂಥವರಿಗಾಗಿಯೇ ಇದು.

ಜುಲೈ 24, ಸೋಮವಾರ

ಅತ್ತೆ ಕೇಳಿದರು, “ಓವನ್ ಪ್ರಾಕ್ಟಿಕಲ್ ಯಾವಾಗ?”

“ಮುಂದಿನ ತಿಂಗಳು. ಅಲ್ಲಿವರೆಗೆ ವಿಡಿಯೋ ನೋಡಿ.”

“ನೋಡಿ ನೋಡಿ ಸವೆದಿದೆ.”

ಇಷ್ಟೇ ಮಾತು. ಟ್ಯೂಬ್‌ಲೈಟು ಹಾಗೇ ಇದೆ.

ಜುಲೈ 27, ಗುರುವಾರ

ಸಂಜೆ ಬ್ಯಾಚಿನಲ್ಲಿ ಮೊದಲ ಬೆಂಚು ಖಾಲಿ. ಅತ್ತೆ ಇಲ್ಲದೆ ತರಗತಿ ಮಂಕು ಎಂದು ಏನೋ ಚಟಾಕಿ ಹಾರಿಸುತ್ತಿದ್ದೆ. ಪ್ರಿನ್ಸಿಪಾಲರು ಬಾಗಿಲಿಗೆ ಬಂದು ಕರೆದರು.

ಪಕ್ಕದ ಮನೆಯವರ ಓವನ್ ಬಿಸಿ ಮಾಡುತ್ತಿರಲಿಲ್ಲವಂತೆ. ಅತ್ತೆ ಮನೆಗೆ ತರಿಸಿಕೊಂಡರಂತೆ. ಆನ್ ಮಾಡಿ ನೋಡಿದ್ದಾರೆ, ಪ್ಲಗ್ ಕಿತ್ತಿದ್ದಾರೆ, ಮುಚ್ಚಳ ಬಿಚ್ಚಿದ್ದಾರೆ, ಕೈ ಹಾಕಿದ್ದಾರೆ. ಅಷ್ಟೇ. ಎದೆ ನಿಂತುಹೋಗಿತ್ತು, ಆಂಬುಲೆನ್ಸಿನವರು ಮತ್ತೆ ಓಡಿಸಿದರು. ಎಚ್ಚರವಿಲ್ಲ.

ಕೋಲು ಇಟ್ಟಿಲ್ಲ. ಅವಸರ. ಎಷ್ಟು ಸಲ ಹೇಳಿದ್ದೇನೆ...

ಹೇಳಿದ್ದೇನೆಯೇ? ಈ ಬ್ಯಾಚಿಗೆ?

ಜುಲೈ 28, ಶುಕ್ರವಾರ

ಆಸ್ಪತ್ರೆ. ಗಾಜಿನ ಆಚೆ ಮಲಗಿದ್ದಾರೆ. ಬಾಯಲ್ಲಿ ಕೊಳವೆ. ಬಲಗೈಗೆ ಬ್ಯಾಂಡೇಜು. ಆ ಕೈ ಯಾವ ತಂತಿಗೆ ಹೋಗಿತ್ತೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ನನ್ನ ಕೈ ಹೋಗುವುದೂ ಅಲ್ಲಿಗೇ.

ಮಗಳು ಬೆಂಚಿನಲ್ಲಿದ್ದಳು. ಮೆಡಿಕಲ್ ಶಾಪಿನಲ್ಲಿ ಕೆಲಸವಂತೆ, ಅಂಗಡಿಯ ಕೋಟಿನಲ್ಲೇ ಬಂದಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. “ನೀವು ವಿಡಿಯೋ ಸರ್ ಅಲ್ವಾ?”

ಹೌದೆಂದೆ.

ಅಲ್ಲಿಂದ ನೇರ ಲ್ಯಾಬಿಗೆ ಬಂದೆ. ಬಾಗಿಲು ಹಾಕಿಕೊಂಡು ವಿಡಿಯೋ ನೋಡಿದೆ. ಮೊದಲ ಸಲ. ಅಂದರೆ ಕತ್ತರಿಸಿದ ಮೇಲೆ ಮೊದಲ ಸಲ.

ಪ್ಲಗ್ ಕೀಳುತ್ತೇನೆ. ಮುಚ್ಚಳ ಬಿಚ್ಚುತ್ತೇನೆ. ಕೈ ಒಳಗೆ ಹಾಕುತ್ತೇನೆ.

ನಡುವೆ ಏನೂ ಇಲ್ಲ. ಕೋಲು ಇಲ್ಲ. ನಾನು ಅಳಿಸಿದ್ದು ಮಾತನ್ನು. ಆ ಮಾತಿನ ಹೊತ್ತಿನಲ್ಲಿ ಕೈ ಮಾಡುತ್ತಿದ್ದ ಕೆಲಸ ಅಕ್ಷರದಲ್ಲಿ ಇರಲೇ ಇಲ್ಲ.

ಜೋಡಿಸಿದ ಗುರುತೂ ಇಲ್ಲ. ಹಿಂದಕ್ಕೆ ಸರಿಸಿ ಸರಿಸಿ ಹುಡುಕಿದೆ. ಹೊಲಿಗೆ ಕಾಣುವುದೇ ಇಲ್ಲ.

ಜುಲೈ 29, ಶನಿವಾರ

ಇಬ್ಬರನ್ನೂ ಲ್ಯಾಬಿಗೆ ಕರೆದೆ. ಎರಡೂ ತೋರಿಸಿದೆ — ಪೂರ್ತಿಯದು, ಆಮೇಲೆ ಕತ್ತರಿಸಿದ್ದು. ಮೇಡಂಗೆ ಮೊದಲ ಸಲ ತಿಳಿಯಲಿಲ್ಲ. ಎರಡನೆಯ ಸಲ ಕೋಲು ಬಂದಾಗ ಬೆರಳಿಟ್ಟು ನಿಲ್ಲಿಸಿದೆ. ಕುರ್ಚಿ ಎಳೆದು ಕೂತುಬಿಟ್ಟರು.

“ನಾನು ಅಂದ್ಕೊಂಡಿದ್ದು... ಅದು ನಿಮ್ಮ ಆ್ಯಕ್ಟಿಂಗು ಅಂತ, ಸರ್. ಮಾವನ ಊರುಗೋಲು.”

ಡೆಬಿಟ್ ಕತ್ತರಿಸಿದ್ದನ್ನು ಮತ್ತೊಮ್ಮೆ ಹಾಕಿ ನೋಡಿದರು. ಆಮೇಲೆ, “ಮೂರು ಜನ ನೋಡಿದೀವಿ. ಮೂರು ಜನಕ್ಕೂ ಕಾಣಲಿಲ್ಲ. ಅಂದ್ರೆ ತಪ್ಪು ಮೂರು ಪಾಲು. ಪ್ರಿನ್ಸಿಪಾಲರು ಒಂದು ಪಾಲು, ಆ್ಯಪ್‌ನೋರು ಒಂದು ಪಾಲು. ಹಂಚ್ತಾ ಹೋದ್ರೆ ಕೊನೆಗೆ ಯಾರ ತಲೆ ಮೇಲೂ ಏನೂ ಉಳಿಯಲ್ಲ, ಸರ್.”

“ನಿಮಗೆ ಕಾಣಬೇಕಾಗಿರಲಿಲ್ಲ,” ಎಂದೆ. “ನನಗೆ ಕಾಣಬೇಕಾಗಿತ್ತು.”

“ಪೂರ್ತಿದು ಯಾರ ಹತ್ರ ಇದೆ?”

“ನನ್ನ ಫೋನಲ್ಲಿ.”

“ಇನ್ಯಾರ ಹತ್ರನೂ ಇಲ್ಲ ತಾನೇ?”

ಕೆಟ್ಟ ಮನುಷ್ಯನಲ್ಲ ಡೆಬಿಟ್. ಕಾಂಟ್ರಾಕ್ಟಿನ ಕೆಲಸ, ಮನೆಯಲ್ಲಿ ಇಬ್ಬರು ಓದುವವರು. ಕೇಳುವಾಗ ನನ್ನ ಮುಖ ನೋಡಲಿಲ್ಲ. ಟ್ಯೂಬ್‌ಲೈಟು ನೋಡುತ್ತಿದ್ದರು.

ಆಗಸ್ಟ್ 3, ಗುರುವಾರ

ಹೋದರು. ಬೆಳಗ್ಗೆ.

ಆಗಸ್ಟ್ 4, ಶುಕ್ರವಾರ

ಅವರ ಮನೆಗೆ ಹೋಗಿದ್ದೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಯಜಮಾನರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು, “ಅವಳದ್ದು ಆತುರ. ಕಾಲೇಜಿನೋರು ಹೇಳಿದ್ರು, ಎಲ್ಲ ಕಲಿಸಿದ್ರಂತೆ, ಇವಳೇ ಮರೆತಳಂತೆ.” ನನಗೂ ಹೇಳಿದರು. ನನ್ನ ಕೈ ಹಿಡಿದುಕೊಂಡು, “ನಿಮ್ಮ ಹೆಸರು ಕೆಡಿಸಿಬಿಟ್ಟಳು, ಮೇಷ್ಟ್ರೇ” ಎಂದರು.

ಅಡುಗೆಮನೆಯ ಕಟ್ಟೆಯ ಮೇಲೆ ಫೋನು ಒರಗಿಸುವ ಒಂದು ಮರದ ತುಂಡು. ನಾನು ನಿಲ್ಲುತ್ತಿದ್ದ ಜಾಗ ಅದೇ ಇರಬೇಕು.

ಸಂಜೆ ಬ್ಯಾಚಿಗೆ ಕೋಲು ತೋರಿಸಿದೆ. ಕಥೆ ಇಲ್ಲದೆ. ಎಲ್ಲರ ಕೈಗೂ ಕೊಟ್ಟು ಮುಟ್ಟಿಸಿದೆ. ಮೊದಲ ಬೆಂಚಿನಲ್ಲಿ ಯಾರೂ ಕೂತಿಲ್ಲ.

ಆಮೇಲೆ ಪ್ರಿನ್ಸಿಪಾಲರ ಬಳಿ ಹೋಗಿ ಹೇಳಿದೆ, ವಿಡಿಯೋದಲ್ಲಿ ಕೆಪಾಸಿಟರ್ ಡಿಸ್ಚಾರ್ಜ್ ಮಾಡುವ, ಅದರೊಳಗಿನದನ್ನು ಇಳಿಸುವ ಹಂತ ಇಲ್ಲ, ತಕ್ಷಣ ತೆಗೆಸಿ ಎಂದು. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

“ಈಗ ನೀವು ಹೇಳಿದ್ದು ನನಗೆ ಕೇಳಿಸಿಲ್ಲ.”

“ಸರ್, ಬೇರೆ ಶಾಖೆಗಳಲ್ಲಿ ಇನ್ನೂ ನೋಡ್ತಿದಾರೆ.”

“ಈಗ ತೆಗೆದ್ರೆ ಒಪ್ಕೊಂಡ ಹಾಗೆ. ವಿಚಾರಣೆ ಮುಗೀಲಿ. ಡಿಸ್ಚಾರ್ಜ್ ಬಗ್ಗೆ ಪುಸ್ತಕದಲ್ಲಿ ಇದೆ ಅಲ್ವಾ? ಇದೆ. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗೀತು.”

ವಿಡಿಯೋ ಕಾಲೇಜಿನ ಖಾತೆಯಲ್ಲಿದೆ. ಹಾಕಿದ್ದು ಅವರು. ನನಗೆ ಅಳಿಸಲು ಬರುವುದಿಲ್ಲ. ಅಳಿಸಬೇಕಾದ್ದನ್ನು.

ಆಗಸ್ಟ್ 8, ಮಂಗಳವಾರ

ಹೇಳಿಕೆಯೊಂದು ಬಂದಿದೆ. ಟೈಪ್ ಮಾಡಿ ಸಿದ್ಧ. ‘ಸದರಿ ವಿಡಿಯೋವನ್ನು ಮೂವರು ಬೋಧಕರು ಪರಿಶೀಲಿಸಿದ್ದು, ಅಗತ್ಯ ಸುರಕ್ಷತಾ ಕ್ರಮಗಳೆಲ್ಲವೂ ಅದರಲ್ಲಿವೆ. ವಿದ್ಯಾರ್ಥಿನಿಯು ಆತುರದಿಂದ ಅವುಗಳನ್ನು ಪಾಲಿಸಿರುವುದಿಲ್ಲ.’ ಕೆಳಗೆ ಮೂರು ಸಹಿಗೆ ಜಾಗ. ಡೆಬಿಟ್ ಹಾಕಿದ್ದಾರೆ. ಮೇಡಂ ರಜೆಯಲ್ಲಿದ್ದಾರೆ.

ಸೋಮವಾರ ವಿಚಾರಣಾ ಸಮಿತಿ ಬರುತ್ತದೆ. ಅದಕ್ಕೆ ಮುಂಚೆ ಬೇಕಂತೆ. ಚೀಲದಲ್ಲಿಟ್ಟುಕೊಂಡು ಬಂದೆ. ಹರಿಯಲೂ ಇಲ್ಲ, ಹಾಕಲೂ ಇಲ್ಲ.

ಊಟಕ್ಕೆ ಕೂತಾಗ ಇವಳು, “ಏನು, ವಾರದಿಂದ ಒಂದು ಕೆಟ್ಟ ಜೋಕೂ ಇಲ್ಲ?” ಎಂದಳು. ನಗಿಸಲೆಂದೇ ಕೇಳಿದ್ದು. ಎದ್ದು ಕೈ ತೊಳೆದೆ.

ಆಗಸ್ಟ್ 10, ಗುರುವಾರ

ಮಗಳು ಲ್ಯಾಬಿಗೆ ಬಂದಿದ್ದಳು. ಬ್ಯಾಚು ಬಿಟ್ಟ ಮೇಲೆ, ಒಬ್ಬಳೇ.

“ಸರ್, ಒಂದು ಸಲ ಮಾಡಿ ತೋರಿಸ್ತೀರಾ? ಅಮ್ಮ ಎಲ್ಲಿ ಮರೆತಳು ಅಂತ.”

“ಈಗ ಯಾಕಮ್ಮ...”

“ಅಪ್ಪ ದಿನಾ ಬೈತಾರೆ ಅವಳನ್ನ. ಫೋಟೋ ಮುಂದೆ ನಿಂತ್ಕೊಂಡು. ನಿನಗೆ ಅಷ್ಟು ಆತುರ ಏನಿತ್ತು ಅಂತ. ನಮ್ಮಮ್ಮ ಬಟ್ಟೆ ಮಡಿಸೋದು ನೋಡಿದ್ರೆ ನಿಮಗೆ ಗೊತ್ತಾಗ್ತಿತ್ತು, ಸರ್. ಅವಳಿಗೆ ಆತುರ ಅನ್ನೋದೇ ಇರ್ಲಿಲ್ಲ.”

ಗೊತ್ತಿತ್ತು. ಸೆರಗಿನಂಚಿನಲ್ಲಿ ಸಾಲಾಗಿಟ್ಟ ಸ್ಕ್ರೂಗಳು.

ಓವನ್ ಮೇಜಿನ ಮೇಲಿಟ್ಟೆ. ಆನ್ ಮಾಡಿದೆ, ಆಫ್ ಮಾಡಿದೆ. ಪ್ಲಗ್ ಕಿತ್ತೆ. ಮುಚ್ಚಳ ಬಿಚ್ಚಿದೆ. ಅವಳು ತುಟಿಯಲ್ಲೇ ನನಗಿಂತ ಮುಂದೆ ಮುಂದೆ ಹೇಳುತ್ತಿದ್ದಳು. ವಿಡಿಯೋ ಅವಳಿಗೂ ಬಾಯಿಪಾಠ. ನಾನು ಕೋಲು ತೆಗೆದುಕೊಂಡೆ. ಅವಳ ತುಟಿ ನಿಂತಿತು.

ಬಾಯಿ ತನ್ನಷ್ಟಕ್ಕೆ ‘ಒಬ್ಬ ಅಳಿಯ’ ಎಂದಿತು. ಅಷ್ಟಕ್ಕೆ ಹಲ್ಲು ಕಚ್ಚಿದೆ. ಈ ಕೈ ಕಥೆಯಿಲ್ಲದೆ ಎಂದೂ ಆ ಕೆಲಸ ಮಾಡಿಲ್ಲ. ಎರಡು ಸಲ ತುದಿ ಜಾರಿತು. ಆಮೇಲೆ ಚಟ್.

ಹುಡುಗಿ ಹಿಂದಕ್ಕೆ ಸರಿದಳು. ಕಿಡಿ ಆರಿದ ಮೇಲೂ ಅದೇ ಜಾಗವನ್ನು ನೋಡುತ್ತಿದ್ದಳು.

“ಇದು ವಿಡಿಯೋದಲ್ಲಿ ಇಲ್ಲ.”

“ಇಲ್ಲ.”

“ಇತ್ತಾ?”

“ಇತ್ತು. ನಾನು ತೆಗೆದೆ.”

“ಯಾಕೆ?”

ಅದರ ಮೇಲೊಂದು ಜೋಕು ಇತ್ತು, ಜೋಕು ಚೆನ್ನಾಗಿಲ್ಲ ಎಂದರು, ನನಗೆ ಸಿಟ್ಟು ಬಂತು. ಅದನ್ನೇ ಹೇಳಿದೆ. ಬೇರೆ ಕಾರಣ ಇರಲಿಲ್ಲ.

ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡೆ. ಎರಡೂ ಇಲ್ಲ. ಕೋಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ನಿಧಾನವಾಗಿ, ಅಮ್ಮನ ಹಾಗೆಯೇ.

“ಹಾಗಾದ್ರೆ ಅಮ್ಮ ಏನೂ ಮರೆತಿಲ್ಲ.”

“ಇಲ್ಲಮ್ಮ. ನಾನು ತೋರಿಸಿದ್ದನ್ನೆಲ್ಲ ಮಾಡಿದಾರೆ. ಒಂದನ್ನೂ ಬಿಟ್ಟಿಲ್ಲ.”

“ಇದನ್ನ ಅಪ್ಪನ ಮುಂದೆ ಹೇಳ್ತೀರಾ?”

ಬಿಚ್ಚಿದ ಮುಚ್ಚಳವನ್ನು ಮತ್ತೆ ಕೂರಿಸತೊಡಗಿದೆ.

“ಆ ವಿಡಿಯೋ ಇನ್ನೂ ಇದೆ, ಸರ್. ನೆನ್ನೆ ಕೂಡ ನೋಡಿದೆ. ಕೆಳಗೆ ಯಾರೋ ಬರೆದಿದ್ರು, ತುಂಬ ಸುಲಭವಾಗಿದೆ, ಭಾನುವಾರ ಮನೇಲಿ ಮಾಡಿ ನೋಡ್ತೀನಿ ಅಂತ.”

ಆಗಸ್ಟ್ 11, ಶುಕ್ರವಾರ

ಬೆಳಗ್ಗೆಯೇ ಉಳಿದ ಶಾಖೆಗಳ ಮೇಷ್ಟ್ರುಗಳಿಗೆಲ್ಲ ಫೋನ್ ಮಾಡಿದೆ. ನನ್ನ ವಿಡಿಯೋ ತೋರಿಸಬೇಡಿ, ಅದರಲ್ಲಿ ಕೆಪಾಸಿಟರ್ ಡಿಸ್ಚಾರ್ಜ್ ಇಲ್ಲ. ಒಬ್ಬರು, “ಹೌದಾ, ನಾನು ಗಮನಿಸಲೇ ಇಲ್ಲ” ಎಂದರು. ಅವರು ನನ್ನ ವಿಭಾಗದವರೇ. ಇನ್ನೊಬ್ಬರು ಪ್ರಿನ್ಸಿಪಾಲರಿಗೆ ತಿಳಿಸಿದರು. ಭಾನುವಾರ ಮಾಡಿ ನೋಡುತ್ತೇನೆ ಎಂದವನ ಹೆಸರಿನ ಜಾಗದಲ್ಲಿ ಒಂದು ಹೂವಿನ ಚಿತ್ರ, ಅಷ್ಟೇ. ಅವನ ಮಾತಿನ ಕೆಳಗೆ ಬರೆದೆ: ಮುಟ್ಟಬೇಡಿ, ಮೊದಲು ನನಗೆ ಫೋನ್ ಮಾಡಿ. ನಂಬರು ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದನ್ನು ಅಳಿಸಿದ್ದರು. ಕಾಲೇಜಿನವರು.

ಪ್ರಿನ್ಸಿಪಾಲರು ಕರೆಸಿದರು. “ಒಂದು ಸಹಿ ಕೇಳಿದ್ರೆ ಇಷ್ಟೊಂದು ರಾದ್ಧಾಂತ ಮಾಡಿದೀರಿ. ನಿವೃತ್ತಿ ಹತ್ತಿರ ಇದೆ, ಯೋಚನೆ ಮಾಡಿ.”

ಸಂಜೆ ಇವಳಿಗೆ ಎಲ್ಲ ಹೇಳಿದೆ. ಮೊದಲಿನಿಂದ. ಅಳಿಯನ ಕಥೆ ಬಂದಾಗ ಅವಳು, “ಅದು ನಮ್ಮಪ್ಪನ ಕಥೆ” ಎಂದಳು. ಹೌದು. ನಾನು ಹೊಸ ಅಳಿಯನಾಗಿದ್ದಾಗ ಮಾವನವರು ನನ್ನನ್ನು ಕೂರಿಸಿಕೊಂಡು ಹೇಳಿದ್ದು. ಮರೆತೇ ಹೋಗಿತ್ತು.

“ಸಹಿ ಹಾಕಲಾ?” ಎಂದೆ.

ಅವಳು ಬಟ್ಟಲು ಒರೆಸುತ್ತಿದ್ದಳು. “ಹಾಕಿ. ಈ ಮನೇಲಿ ಊಟ ನಡೆಯುತ್ತೆ. ಮಾತು ನಡೆಯಲ್ಲ.”

ಆಗಸ್ಟ್ 13, ಭಾನುವಾರ

ಫೋನು ಕೈಯಲ್ಲೇ ಇಟ್ಟುಕೊಂಡು ಕೂತಿದ್ದೆ. ಆ ಹೂವಿನ ಚಿತ್ರದವನು ಫೋನ್ ಮಾಡಲಿಲ್ಲ. ಅಳಿಸುವ ಮುಂಚೆ ನನ್ನ ಮಾತು ಓದಿದನೋ ಇಲ್ಲವೋ. ಬದುಕಿದ್ದಾನೋ ಇಲ್ಲವೋ. ತಿಳಿಯುವ ದಾರಿ ಇಲ್ಲ.

ಮೇಡಂ ಮಾಡಿದರು. “ಸರ್, ನಾಳೆ ನಾನೂ ಬರ್ತೀನಿ. ಕಟ್ ಮಾಡಿ ಅಂದವಳು ನಾನೇ ಅಂತ ಹೇಳ್ತೀನಿ.”

“ನಿಮಗೆ ಯಾಕೆ...”

“ಹೊಲಿಗೆ ಕಾಣಲ್ಲ ಅಂತ ಬರೆದಿದ್ದೆ. ಅದು ತಲೆಯಿಂದ ಹೋಗ್ತಾ ಇಲ್ಲ.”

ಆಗಸ್ಟ್ 14, ಸೋಮವಾರ. ಬೆಳಗ್ಗೆ, ಪ್ರಿನ್ಸಿಪಾಲರ ಕೋಣೆಯ ಹೊರಗೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಪಕ್ಕದಲ್ಲಿ ಮೇಡಂ, ಮಡಿಸಿದ ಕರವಸ್ತ್ರವನ್ನೇ ಮತ್ತೆ ಮಡಿಸುತ್ತಿದ್ದಾರೆ. ಡೆಬಿಟ್ ಬಂದರು. ಒಂದು ಕ್ಷಣ ನಿಂತರು. ಕಿಟಕಿಯ ಕಡೆಯ ಕುರ್ಚಿಗೆ ಹೋದರು. ಹೋಗಲಿ.

ಎದುರು ಬೆಂಚಿನಲ್ಲಿ ಮಗಳು, ಅವಳ ಪಕ್ಕ ಯಜಮಾನರು. ಅವರಿಗೆ ಅವಳು ಇನ್ನೂ ಏನೂ ಹೇಳಿಲ್ಲ. ನೀವೇ ಹೇಳಬೇಕು ಎಂದಳು. ಯಜಮಾನರು ನನ್ನನ್ನು ಕಂಡು ಎದ್ದು ಕೈ ಮುಗಿದರು. ಇನ್ನೊಂದು ಗಳಿಗೆಯಾದ ಮೇಲೆ ಕೈ ಮುಗಿಯಲಿಕ್ಕಿಲ್ಲ.

ಹೇಳಿಕೆ ಚೀಲದಲ್ಲಿದೆ, ಸಹಿಯ ಜಾಗ ಖಾಲಿ. ಫೋನಿನಲ್ಲಿ ಪೂರ್ತಿ ವಿಡಿಯೋ ತೆಗೆದಿಟ್ಟಿದ್ದೇನೆ. ಮಾತಿನಲ್ಲಿ ಹೇಳುವುದಿಲ್ಲ. ನನ್ನ ಮಾತಿಗೆ ಆ ಶಕ್ತಿ ಇಲ್ಲ. ತೋರಿಸುತ್ತೇನೆ. ಅವರೆಲ್ಲ ಅಳಿಯನ ಕಥೆ ಕೇಳಬೇಕಾಗುತ್ತದೆ. ಅತ್ತೆ ಬರಿಗೈಯಲ್ಲಿ ಹೋಗಿ ಹೆಗಲು ಮುಟ್ಟಿದಳು ಎಂದು ನಾನು ಆ ಮೂಗಿನ ದನಿಯಲ್ಲಿ ಹೇಳುವುದನ್ನು, ಮೊದಲ ಬೆಂಚಿನ ಅತ್ತೆಯ ಗಂಡನ ಎದುರು. ತರಗತಿ ಬಿದ್ದು ಬಿದ್ದು ನಗುವುದನ್ನು. ನಾನೂ ನಗುತ್ತೇನೆ ಅದರಲ್ಲಿ. ಆ ನಗುವಿನ ಅಡಿಯಲ್ಲಿ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸಣ್ಣಗೆ, ಚಟ್ ಎಂಬ ಆ ಸದ್ದು —

ಕರೆದರು. ಮೇಡಂ ಎದ್ದರು. ನಾನೂ ಎದ್ದು —